ಮಾವನವರ ಮುಖ, ನನ್ನ ಹನ್ನೆರಡು ಕೋಟಿಯ ಫೋನು

ಕೊಂಡರೆ ಅತ್ಯುತ್ತಮವಾದದ್ದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಮನೆಯಲ್ಲಿರಬೇಕು! ಕಾಶಾನ್ ಊರಿನ ನೀರಿನ ಕಚೇರಿಯಲ್ಲಿ ಮೀಟರು ವಿಭಾಗದ ಹಿರಿಯ ಗುಮಾಸ್ತನಾದ ನಾನು, ಅಂದರೆ ಕಿಯೂಮರ್ಸ್, ಹೊಸವರ್ಷದ ನೌರೋಜ್ ಹಬ್ಬ ಮುಗಿದ ತಿಂಗಳಲ್ಲಿ ಕೈಗೊಂಡ ಮಹಾ ನಿರ್ಣಯವಿದು. ಕೊಳ್ಳಬೇಕಾಗಿದ್ದದ್ದು ಫೋನು. ಬೆಲೆ ಹನ್ನೆರಡು ಕೋಟಿ ತೊಮಾನ್. ಕೋಟಿ ಎಂದೊಡನೆ ಹೌಹಾರಬೇಡಿ, ನಮ್ಮಲ್ಲಿ ಒಂದು ತಟ್ಟೆ ಮೊಟ್ಟೆಗೂ ಲಕ್ಷಗಳಲ್ಲೇ ಮಾತು. ಆದರೂ ಅದು ನನ್ನ ಆರು ತಿಂಗಳ ಸಂಬಳ.

ಹೆಂಡತಿ ಶುಕೂಫೆ ಕೇಳಿದಳು. "ಈಗಿರೋ ಫೋನಿಗೆ ಏನಾಗಿದೆ?"

"ಏನೂ ಆಗಿಲ್ಲ."

"ಮತ್ತೆ?"

"ಅದೇ ಕಷ್ಟ! ಕೆಡೋದೂ ಇಲ್ಲ, ಬದಲಾಯಿಸೋಕೆ ಒಂದು ನೆಪಾನೂ ಕೊಡಲ್ಲ. ಹೊಸದು ನೋಡು, ನೀರಲ್ಲಿ ಮುಳುಗಿದ್ರೂ ಏನೂ ಆಗಲ್ವಂತೆ!"

"ಈ ಮರುಭೂಮಿಯಲ್ಲಿ ಮುಳುಗೋಷ್ಟು ನೀರು ಎಲ್ಲಿದೆ? ಮೊದಲು ಅದನ್ನ ತೋರಿಸು."

"ಏಳು ವರ್ಷ ಹೊಸದಾಗೇ ಇರುತ್ತಂತೆ!"

"ನಿನ್ನ ಮೊಣಕಾಲು ಈಗಲೇ ಕಟಕಟ ಅನ್ನುತ್ತೆ. ಅದು ಹೊಸದಾಗಿದ್ದು ಏನ್ ಮಾಡಬೇಕು, ನಿನ್ನ ಹೊತ್ಕೊಂಡು ಓಡಾಡುತ್ತಾ?"

ಹೆಂಡತಿಯ ಮಾತು ಕೇಳಿ ದೊಡ್ಡವರಾದವರು ಯಾರಿದ್ದಾರೆ! ಹಳೆಯ ಫೋನನ್ನು ಅಂಗಡಿಯವನಿಗೇ ಕೊಟ್ಟೆ. ಅದರಲ್ಲಿದ್ದ ಚಿತ್ರಗಳನ್ನೆಲ್ಲ ಹೊಸದಕ್ಕೆ ತುಂಬಿ, ಹಳೆಯದನ್ನು ಅವನು ನನ್ನ ಕಣ್ಣೆದುರಿಗೇ ತೊಳೆದಂತೆ ಖಾಲಿ ಮಾಡಿದ. ಉಳಿದ ಹಣಕ್ಕೆ ಇದ್ದಬದ್ದದ್ದನ್ನೆಲ್ಲ ಬಾಚಿ ಕೊಟ್ಟು, ಫೋನನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ವಿಜಯಯಾತ್ರೆ ಹೊರಟೆ.

ಮೊದಲು ಕಚೇರಿ. ಪಕ್ಕದ ಮೇಜಿನ ಇರಜ್‌ನ ಹತ್ತಿರ ಗಾಜು ಬಿರಿದ, ಅಗ್ಗದ ಫೋನಿದೆ.

"ನಂದೂ ಫೋಟೊ ತೆಗೆಯುತ್ತೆ, ಕಿಯೂಮರ್ಸ್ ಖಾನ್" ಅಂದ.

"ತೆಗೆಯುತ್ತೆ ಕಣಯ್ಯಾ, ಆದರೆ ಅದಕ್ಕೆ ಬುದ್ಧಿ ಇಲ್ಲ. ಇದು ಯೋಚನೆ ಮಾಡುತ್ತೆ!"

"ಒಳ್ಳೇದಾಯ್ತು. ಮನೇಲಿ ಒಬ್ಬರಾದ್ರೂ ಮಾಡಬೇಕಲ್ಲ."

ಆಮೇಲೆ ಮಾವನವರ ಅಂಗಡಿ. ಉಸ್ತಾದ್ ನಸ್ರುಲ್ಲಾ ಎಂದರೆ ಬಜಾರಿನಲ್ಲಿ ಗೊತ್ತಿಲ್ಲದವರಿಲ್ಲ. ಐವತ್ತು ವರ್ಷ ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡಿದವರು. ಆ ಕಣ್ಣು ಹಾಗೇ ಅರ್ಧ ಮುಚ್ಚಿಕೊಂಡುಬಿಟ್ಟಿತ್ತು. ಕೆಳದುಟಿ ಸದಾ ಮುಂದಕ್ಕೆ. ನಕ್ಕದ್ದನ್ನು ಕಂಡವರಿಲ್ಲ, ನನ್ನನ್ನು ಕಂಡಾಗಲಂತೂ ನಗುವ ಮಾತೇ ಇಲ್ಲ. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಿಚ್ಚೋದು ಹೇಗೆ?"

"ಇದನ್ನ ಬಿಚ್ಚೋಕೆ ಆಗಲ್ಲ, ಉಸ್ತಾದ್. ಅದೇ ಇದರ ಹೆಚ್ಚುಗಾರಿಕೆ!"

"ಬಿಚ್ಚೋಕೆ ಬರದೇ ಇರೋದು ನಿನ್ನದು ಹೇಗಾಗುತ್ತಪ್ಪ?" ಎಂದು ನನ್ನ ಕೈಗೆ ವಾಪಸ್ಸು ಕೊಟ್ಟು, ಯಾರದೋ ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿದರು.

ಮುಂದಿನ ಎರಡು ತಿಂಗಳು ನಾನು ಆ ಫೋನಿನಲ್ಲಿ ತೆಗೆಯದ ಚಿತ್ರವಿಲ್ಲ. ಚಂದ್ರನ ಹಳ್ಳಕೊಳ್ಳ ತೆಗೆದೆ. ಎದುರು ಮನೆಯ ಮಾಳಿಗೆಯ ಪಾರಿವಾಳದ ಕಣ್ಣಿನ ಹುಬ್ಬು ತೆಗೆದೆ. ಪಾರಿವಾಳಕ್ಕೆ ಹುಬ್ಬಿಲ್ಲವೆಂದು ನನಗೆ ಗೊತ್ತು, ಫೋನೇ ಹಾಕಿಕೊಟ್ಟಿತ್ತು! ಮಿಕ್ಕಿದ್ದೆಲ್ಲ ನಾನು. ಬಲಗಡೆಯಿಂದ ನಾನು, ಎಡಗಡೆಯಿಂದ ನಾನು, ಚಹಾ ಕುಡಿಯುತ್ತಿರುವ ನಾನು, ಚಿಂತಾಮಗ್ನ ನಾನು. ವಾರಕ್ಕೊಮ್ಮೆ ಎದುರಿಗೆ ಕೂತು ಊಟ ಮಾಡುತ್ತಿದ್ದ ಮಾವನವರದು ಒಂದೇ ಒಂದು ತೆಗೆಯಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಬೇಸಿಗೆಯ ಒಂದು ಮಧ್ಯಾಹ್ನ ಮಾವನವರು ಅಂಗಡಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಕೈಯಲ್ಲಿ ಯಾರದೋ ಗಡಿಯಾರ ನಡೆಯುತ್ತಲೇ ಇತ್ತಂತೆ.

ಏಳನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಗೋರಿಕಲ್ಲಿನ ಮಾತು ಬಂತು. ನಮ್ಮಲ್ಲಿ ಕರಿಕಲ್ಲಿನ ಮೇಲೆ ಹೋದವರ ಮುಖ ಕೆತ್ತಿಸುತ್ತೇವೆ. ನಲವತ್ತನೆಯ ದಿನಕ್ಕೆ ಕಲ್ಲು ಕೂತಿರಬೇಕು. ಆದರೆ ಮುಖ ಎಲ್ಲಿದೆ? ಮಾವನವರು ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುತ್ತಿದ್ದ ಆಸಾಮಿ. ಗುರುತಿನ ಚೀಟಿ ಸಾವಿನ ನೋಂದಣಿಗೆ ಹೋಗಿಯಾಗಿತ್ತು. ಮದುವೆಯ ಫೋಟೊದಲ್ಲಿ ಇಪ್ಪತ್ತೆರಡರ ಗುಂಗುರು ಕೂದಲಿನ ಹುಡುಗ. ಅತ್ತೆ ಅದನ್ನು ದೂರ ತಳ್ಳಿ, "ಈ ಹುಡುಗನ ಜೊತೆ ನಾನು ಬಾಳಿದ್ದು ಒಂದೇ ವರ್ಷ. ನನ್ನ ಗಂಡ ಇವನಲ್ಲ" ಅಂದರು.

ಶುಕೂಫೆಗೆ ನೆನಪಾಯಿತು. "ನೌರೋಜ್ ಹಬ್ಬದ ಹದಿಮೂರನೇ ದಿನ ತೋಟಕ್ಕೆ ಹೋಗಿದ್ವಲ್ಲ! ನೀನು ಕಬಾಬ್ ಸುಟ್ಟು ಹಾಕಿದೆ, ಅಪ್ಪ ನಿನ್ನ ಬೈಯೋಕೆ ತಲೆ ಎತ್ತಿದ್ರು, ಆಗ ತೆಗೆದೆಯಲ್ಲ ಒಂದು!"

ಇತ್ತು! ಹಳೆಯ ಫೋನಿನಲ್ಲಿ ತೆಗೆದದ್ದು, ಹೊಸದಕ್ಕೆ ಬಂದಿತ್ತು. ಬೈಗುಳಕ್ಕೆ ಹೆದರಿ ನನ್ನ ಕೈ ನಡುಗಿದ್ದರಿಂದ ಮುಖ ಮಂಜುಮಂಜು. ಆದರೂ ತಲೆಯ ಟೋಪಿ, ಅರ್ಧ ಮುಚ್ಚಿದ ಕಣ್ಣು, ಮುಂದೆ ಬಂದ ತುಟಿ, ಎಲ್ಲ ಗೊತ್ತಾಗುತ್ತಿತ್ತು. ಅದೊಂದೇ ಮುಖ ಈ ಭೂಮಿಯ ಮೇಲೆ ಉಳಿದಿದ್ದದ್ದು.

"ಕಿಯೂ, ಇದನ್ನ ಹಾಳು ಮಾಡ್ಬೇಡ" ಅಂದಳು ಅವಳು. "ನನ್ನ ಹತ್ರ ಅಪ್ಪ ಅಂತ ಇರೋದು ಇದಿಷ್ಟೇ."

"ಹಾಳು ಮಾಡೋದಾ! ಹನ್ನೆರಡು ಕೋಟಿ ಕೊಟ್ಟದ್ದು ಯಾತಕ್ಕೆ ಅಂತ ಕೇಳ್ತಿದ್ದೆಯಲ್ಲ, ಈ ದಿನಕ್ಕೆ!"

ಮಹಡಿಗೆ ಹೋಗಿ ಕೂತೆ. 'ಮುಖ ತಿದ್ದು' ಎಂದಿದ್ದಲ್ಲಿ ಒತ್ತಿದೆ. ಫೋನು ವಿನಯದಿಂದ ಕೇಳಿತು: ಮುಖ ಸ್ಪಷ್ಟವಿಲ್ಲ, ನಿಮ್ಮ ಸಂಗ್ರಹದಲ್ಲಿರುವ ಮುಖಗಳ ನೆರವು ಪಡೆಯಲೇ? ಪಡೆ ಮಾರಾಯ, ಧಾರಾಳವಾಗಿ ಪಡೆ! ಎರಡು ಸುತ್ತು ತಿರುಗಿತು. ಅಬ್ಬಾ! ಮಂಜು ಹರಿದು ಮುಖ ಹೊಳೆಯಿತು. ಗಡ್ಡದ ಒಂದೊಂದು ಬಿಳಿಕೂದಲೂ ಎಣಿಸುವಂತಿತ್ತು. ಎರಡು ಕಣ್ಣೂ ಅಗಲ ತೆರೆದಿದ್ದವು. ತುಟಿ ಹಿಂದೆ ಸರಿದು ಹಲ್ಲಿನ ಸಾಲು ಕಾಣುತ್ತಿತ್ತು. ಬದುಕಿದ್ದಾಗ ಒಮ್ಮೆಯೂ ನನ್ನತ್ತ ನಗದ ಮನುಷ್ಯ ಈಗ ನನ್ನನ್ನೇ ನೋಡಿ ನಗುತ್ತಿದ್ದರು! ಎಷ್ಟು ಆತ್ಮೀಯ ಮುಖ, ಎಲ್ಲೋ ದಿನಾ ನೋಡುವಂಥ ಮುಖ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮಾವನವರ ಮೇಲೆ ಪ್ರೀತಿ ಉಕ್ಕಿ ಬಂತು. ಕಣ್ಣೊರೆಸಿಕೊಂಡೆ.

ಹಳೆಯ ಚಿತ್ರ ಇಟ್ಟುಕೊಳ್ಳಬೇಕೇ, ತೆಗೆದುಹಾಕಬೇಕೇ ಎಂದು ಫೋನು ಕೇಳಿತು. ಮಂಜು ಹಿಡಿದದ್ದು ಇನ್ನೇಕೆ? ತೆಗೆದುಹಾಕು!

ಕೆಳಗೆ ಬಂದೆ. ಶುಕೂಫೆ ಮುಖ ಮುಚ್ಚಿಕೊಂಡಳು. "ನನ್ನಿಂದ ಈಗ ನೋಡೋಕಾಗಲ್ಲ. ನೀನೇ ಹೇಳು, ಅಪ್ಪನ ಹಾಗೇ ಇದೆಯಾ?"

"ಅಪ್ಪನಿಗಿಂತ ಚೆನ್ನಾಗಿದೆ!"

ಅತ್ತೆ, "ಆ ಗಾಜಿನೊಳಗೆ ಅವರನ್ನ ನೋಡಲ್ಲ, ಕಲ್ಲಿನ ಮೇಲೇ ನೋಡ್ತೀನಿ" ಅಂದರು. ನೆಂಟರಿಗೆಲ್ಲ ಕಳಿಸಿದೆ. ನಮ್ಮವರ ಉಪಚಾರದ ಮಾತು ನಿಮಗೆ ಗೊತ್ತಲ್ಲ, ಎದುರಿಗಿರುವವನ ಮನಸ್ಸಿಗೆ ಗೀರೂ ಬೀಳಬಾರದು. ಮನೆ ಹತ್ತಿ ಉರಿಯುತ್ತಿದ್ದರೂ 'ಎಂಥಾ ಬೆಳಕು ನಿಮ್ಮ ಮನೆಯಲ್ಲಿ' ಅನ್ನುವ ಜನ. ಚಿಕ್ಕಮಾವ ಹಷ್ಮತ್, "ನಿನ್ನ ಕೈ ನೋಯದಿರಲಿ ಕಣೋ, ಎಂಥಾ ಜೀವಕಳೆ!" ಅಂದರು. ಇನ್ನೊಬ್ಬರು, "ಹತ್ತು ವರ್ಷ ಚಿಕ್ಕವರಾಗಿ ಕಾಣ್ತಾರೆ" ಅಂದರು. ಕಲ್ಲು ಕೆತ್ತುವ ಉಸ್ತಾ ಯದುಲ್ಲಾ ಮಾತ್ರ ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದ. "ತೀರಿಕೊಂಡೋರು ನಿಮಗೆ ಅಣ್ಣನಾ?"

"ಮಾವ!"

"ಓ" ಅಂದ. ಅಷ್ಟೇ ಅಂದ! ಅದೂ ಉಪಚಾರ.

ನಲವತ್ತನೆಯ ದಿನ ಬಂತು. ಗೋರಿಯ ಸುತ್ತ ನೂರು ಜನ. ಕಲ್ಲಿನ ಮೇಲೆ ಕಪ್ಪು ಬಟ್ಟೆ. ತಲೆಯ ಕಡೆ ನಾನು, ಎಲ್ಲರಿಗೂ ಕಾಣುವಂತೆ ನಿಂತಿದ್ದೆ. ಹಲ್ವದ ತಟ್ಟೆ, ಖರ್ಜೂರ, ಗುಲಾಬಿ ನೀರು ಎಲ್ಲ ಸಿದ್ಧ. ಶುಕೂಫೆ ಬಟ್ಟೆ ಸರಿಸಿ, ಕಲ್ಲಿನ ಮೇಲೆ ಗುಲಾಬಿ ನೀರು ಸುರಿದು ಅಂಗೈಯಲ್ಲಿ ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು. ಅತ್ತೆ ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅಷ್ಟರಲ್ಲಿ ಬಂದ ಇರಜ್. ಕಚೇರಿಯಿಂದ ತಡವಾಗಿ ಹೊರಟು, ಹೂವಿನ ಗೊಂಚಲು ಹಿಡಿದು ಏದುಸಿರು ಬಿಡುತ್ತಾ ಜನರ ನಡುವೆ ನುಗ್ಗಿದವನು ಕಲ್ಲನ್ನು ನೋಡಿದ. ನೋಡಿದವನೇ ಎದೆ ಬಡಿದುಕೊಂಡ!

"ಅಯ್ಯೋ ಕಿಯೂಮರ್ಸ್ ಖಾನ್! ನಿನ್ನೆ ಕಚೇರಿಗೆ ಬಂದಿದ್ರಲ್ಲಪ್ಪಾ! ಚಹಾ ಕುಡಿದ್ರಲ್ಲಪ್ಪಾ! ಯಾವಾಗ ಹೋದ್ರಿ, ಹೂತದ್ದು ಯಾವಾಗ!"

"ಇರಜ್" ಅಂದೆ.

ತಲೆ ಎತ್ತಿ ನನ್ನನ್ನು ನೋಡಿದ. ಹೂವಿನ ಗೊಂಚಲು ಕೈಜಾರಿ ಬಿತ್ತು.

ಆಗ ನಾನೂ ಬಗ್ಗಿ ನೋಡಿದೆ. ಕರಿಕಲ್ಲಿನ ಮೇಲೆ, ಸೂಜಿಮೊನೆಯಲ್ಲಿ ಚುಚ್ಚಿ ಚುಚ್ಚಿ ಬಿಡಿಸಿದ್ದ ಮುಖ ನನ್ನದೇ! ನನ್ನ ಮೂಗು, ನನ್ನ ಕಣ್ಣು, ನನ್ನ ಹಲ್ಲು. ಮಾವನವರದು ಎಂದು ಉಳಿದಿದ್ದದ್ದು ಟೋಪಿ ಮತ್ತು ಬಿಳಿ ಗಡ್ಡ. ಸಂಗ್ರಹದ ಮುಖಗಳ ನೆರವು ಪಡೆ ಅಂದಿದ್ದೆ. ಸಂಗ್ರಹದಲ್ಲಿ ನಾನಲ್ಲದೆ ಇನ್ಯಾರಿದ್ದರು, ಒಂದು ಪಾರಿವಾಳ ಬಿಟ್ಟರೆ!

"ನೀವಾದ್ರೂ ಹೇಳಬಾರದಿತ್ತಾ?" ಎಂದು ಹಷ್ಮತ್ ಮಾವನನ್ನು ಕೇಳಿದೆ.

"ಗಮನಿಸಿದ್ದೆ ಕಣೋ. ಕಲ್ಲಿನ ಖರ್ಚು ಹಾಕ್ತಿರೋನು ಅಳಿಯ, ಮುಖಾನೂ ಅವನದ್ದೇ ಇರಲಿ ಅಂತ ಮನೆಯೋರೆಲ್ಲ ತೀರ್ಮಾನ ಮಾಡಿರಬೇಕು ಅಂದ್ಕೊಂಡೆ. ನಡುವೆ ಬಾಯಿ ಹಾಕೋಕೆ ನಾನ್ಯಾರು?"

ಹಳೆಯ ಚಿತ್ರವನ್ನು ಅಲ್ಲೇ ನಿಂತು ಹುಡುಕಿದೆ. ತೆಗೆದುಹಾಕಿದ್ದನ್ನು ಫೋನು ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಏಳನೆಯ ದಿನ ಹಾಕಿದ್ದು. ಅಂದು ನಲವತ್ತನೆಯ ದಿನ. ಮೂರು ದಿನದ ಹಿಂದೆ ಅದು ತಾನಾಗಿಯೇ ಬುಟ್ಟಿ ಖಾಲಿ ಮಾಡಿತ್ತು, ನನ್ನನ್ನು ಒಂದು ಮಾತೂ ಕೇಳದೆ.

ಅತ್ತೆ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು.

"ನೋಡಪ್ಪ ಅಳಿಯ, ಈ ಗುಂಡಿ ಎರಡಂತಸ್ತಿನದು. ನಿನ್ನ ಮಾವನೇ ಕೊಂಡಿಟ್ಟದ್ದು. ಕೆಳಗೆ ಅವರು, ಮೇಲೆ ನಾನು ಅಂತ. ಆದ್ರೆ ನಿನ್ನ ಮುಖದ ಕೆಳಗೆ ನಾನು ಮಲಗಲ್ಲ. ಮೇಲಿನ ಅಂತಸ್ತು ನಿಂಗೇ ಬಿಟ್ಟಿದೀನಿ. ಮುಖ ಹೇಗೂ ಸಿದ್ಧವಾಗಿದೆ, ತಾರೀಕೊಂದು ಹಾಕಿಸಿದ್ರೆ ಆಯ್ತು. ಅವಸರ ಇಲ್ಲ, ಆದ್ರೆ ತಡಾನೂ ಮಾಡ್ಬೇಡ."

ನೂರು ಜನರಲ್ಲಿ ಉಪಚಾರಕ್ಕಾದರೂ ಒಬ್ಬರೂ 'ಹಾಗನ್ನಬೇಡಿ' ಅನ್ನಲಿಲ್ಲ! ಬದುಕಿದ್ದಾಗ ಒಂದು ಊಟದ ಹೊತ್ತು ನನ್ನನ್ನು ಸಹಿಸದವರ ಮೇಲೆ ನಾನು ಪ್ರಳಯದ ದಿನದವರೆಗೆ ಮಲಗಬೇಕಂತೆ.

ಮಾರನೆಯ ದಿನ ಶುಕೂಫೆ ಮತ್ತು ನಾನು ಯದುಲ್ಲಾನ ಅಂಗಡಿಗೆ ಹೋದೆವು. ಯದುಲ್ಲಾ ಒಳ್ಳೆಯ ಮನುಷ್ಯ.

"ಕಲ್ಲನ್ನ ಉಜ್ಜಿ ಮತ್ತೆ ಕೆತ್ತಬಹುದು, ಖಾನುಮ್. ಫೋಟೊ ಇಲ್ಲದಿದ್ರೂ ಚಿಂತೆ ಇಲ್ಲ. ನೀವು ಹೇಳ್ತಾ ಹೋಗಿ, ನಾನು ಪೆನ್ಸಿಲಿನಲ್ಲಿ ಬರೀತೀನಿ. ಎಷ್ಟೋ ಜನಕ್ಕೆ ಹಾಗೇ ಮಾಡಿಕೊಟ್ಟಿದ್ದೀನಿ."

ಶುಕೂಫೆ ಕಣ್ಣು ಮುಚ್ಚಿದಳು. "ಎಡಗಣ್ಣು ಸಣ್ಣದು. ಅರ್ಧ ಮುಚ್ಚಿರುತ್ತೆ."

ಪೆನ್ಸಿಲು ಓಡಿತು. "ಮೂಗು, ಖಾನುಮ್?"

ಕಣ್ಣು ತೆರೆದಳು. ನನ್ನನ್ನು ನೋಡಿದಳು. "ನೀನು ಸ್ವಲ್ಪ ಆಚೆ ಹೋಗಿ ನಿಂತ್ಕೋ."

ಹೋಗಿ ನಿಂತೆ. ಬಿಸಿಲು ಸುಡುತ್ತಿತ್ತು. ಹೆಸರಿಲ್ಲದ ಕಲ್ಲುಗಳನ್ನು ಗೋಡೆಗೆ ಒರಗಿಸಿದ್ದರು. ಅವು ಕನ್ನಡಿಯಂತೆ ಹೊಳೆಯುತ್ತಿದ್ದುದರಿಂದ ನಾನು ಬೀದಿಯ ಕಡೆ ತಿರುಗಿಕೊಂಡೆ. ಅವಳಿಗೆ ಅಪ್ಪನ ಮೂಗು ನೆನಪಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಜೇಬಿನಲ್ಲಿದ್ದ ಫೋನು ಅಷ್ಟು ಭಾರವೆಂದು ಅದುವರೆಗೆ ಗೊತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಶುಕೂಫೆ ಹೊರಗೆ ಬಂದಳು. ಕೈಯಲ್ಲಿ ಕಾಗದ. ಕಾಗದದ ಮೇಲೆ ಒಂದೇ ಒಂದು ಸಣ್ಣ ಕಣ್ಣು.

"ಏನಾಯ್ತು?" ಅಂದೆ.

"ಇಷ್ಟು ದಿನ ಕಣ್ಣು ಮುಚ್ಚಿದ್ರೆ ಅಪ್ಪ ಬರ್ತಿದ್ರು, ಕಿಯೂ" ಅಂದಳು. "ಈಗ ನೀನು ಬರ್ತೀಯ. ಅದೂ ಹಲ್ಲು ಬಿಟ್ಕೊಂಡು."