ಷಡ್ಡಕನ ಕೆಂಪು ಗಾಡಿ, ನನ್ನ ನೀಲಿ ಗಾಡಿ

ಶಿಡ್ಲಘಟ್ಟದಲ್ಲಿ ನನ್ನದೊಂದು ಮೋಟಾರ್ ರಿಪೇರಿ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು ನನ್ನ ಕೆಲಸ. ಮೋಟಾರು ಸುಡುವುದಕ್ಕೆ ಹತ್ತಾರು ಕಾರಣ ಇರುತ್ತವೆ. ನನ್ನ ಹೊಟ್ಟೆ ಸುಡುವುದಕ್ಕೆ ಒಂದೇ ಕಾರಣ, ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅವರು ಮನೆಗೆ ಮಹಡಿ ಹಾಕಿಸಿದಾಗಲೂ ಸುಟ್ಟಿತ್ತು, ಎರಡು ಸಿಮ್ಮಿನ ಮೊಬೈಲು ತಂದಾಗಲೂ ಸುಟ್ಟಿತ್ತು. ವರ್ಷಕ್ಕೆ ಒಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ. ಆದರೆ ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ಕಾಲದಲ್ಲಿ ನಾಲ್ಕು ಚಕ್ರದ ಬೈಕಿನಿಂದ ಸುಟ್ಟ ಹಾಗೆ ಯಾವತ್ತೂ ಸುಟ್ಟಿಲ್ಲ.

ಮುಖದ ಧೂಳು

ಷಡ್ಡಕರದು ನಂದಿಯಲ್ಲಿ ದ್ರಾಕ್ಷಿ ತೋಟ. ಒಂದು ಭಾನುವಾರ ಊಟಕ್ಕೆ ಕರೆದಿದ್ದರು ಅಂತ ನಾನೂ ನನ್ನ ಹೆಂಡತಿಯೂ ಹೋದೆವು. ಬಸ್ಸಿಳಿದು ತೋಟದ ದಾರಿ ಹಿಡಿಯುವಷ್ಟರಲ್ಲಿ ಎದುರಿಗೆ ಕೆಂಪಗಿನ ಒಂದು ಗಾಡಿ ಧೂಳೆಬ್ಬಿಸಿಕೊಂಡು ಬಂತು. ಬೈಕಿನ ಹಾಗೆ ಹ್ಯಾಂಡಲ್ಲು, ಬೈಕಿನ ಹಾಗೆ ಸೀಟು, ಆದರೆ ಟ್ರ್ಯಾಕ್ಟರಿನ ಮರಿಯ ಹಾಗೆ ನಾಲ್ಕು ದಪ್ಪ ಚಕ್ರ. ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಷಡ್ಡಕರು ಕೂತಿದ್ದರು. ಬೆಟ್ಟದ ಕಡೆ ಒಂದು ರೆಸಾರ್ಟಿನವರು ಹಳೇ ಗಾಡಿಗಳನ್ನು ಮಾರಿದರಂತೆ, ಇವರು ಒಂದು ಹಿಡಿದುಕೊಂಡು ಬಂದಿದ್ದರು. ಕ್ವಾಡ್ ಬೈಕು ಅಂತಾರೆ, ನಂಬರ್ ಪ್ಲೇಟು ಇಲ್ಲ, ದೊಡ್ಡ ರೋಡಿಗೆ ಇಳಿಸುವಂತಿಲ್ಲ, ತೋಟದಲ್ಲಿ ಓಡಿಸುವುದಕ್ಕೆ ಮಾತ್ರ ಅಂತ ವಿವರಿಸಿದರು.

"ಹೆಂಗಿದೆಯಪ್ಪಾ?" ಅಂತ ಕೇಳಿದರು.

"ಪರವಾಗಿಲ್ಲ ಅಣ್ಣ" ಅಂದೆ. ಅಷ್ಟು ಹೇಳಿ ಗಾಡಿಯ ಚಕ್ರ ನೋಡುತ್ತಾ ನಿಂತೆ.

ಹಿಂದೆ ಒಬ್ಬರು ಕೂರುವಷ್ಟೇ ಜಾಗ. ನನ್ನ ಹೆಂಡತಿ ಹಣ್ಣಿನ ಚೀಲದ ಸಮೇತ ಹತ್ತಿ ಕೂತಳು. ನಾನು ಅವರ ಹಿಂದೆ ಆ ಧೂಳಿನಲ್ಲೇ ಒಂದೂವರೆ ಮೈಲಿ ನಡೆದೆ. ನಾನು ತಲುಪುವಷ್ಟರಲ್ಲಿ ಅವಳು ತೋಟಕ್ಕೆ ಎರಡು ಸುತ್ತು ಹಾಕಿ, ಮೂರನೆಯದಕ್ಕೆ ಹೊರಟಿದ್ದಳು. ಕೈಕಾಲು ಮುಖ ತೊಳೆದುಕೊಂಡು ಊಟ ಮಾಡಿದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ನನ್ನನ್ನೇ ನೋಡುತ್ತಾ, ಯಾಕೆ ನಿಮ್ಮ ಮುಖ ಕಪ್ಪಿಟ್ಟಿದೆ ಅಂದಳು. ದಾರಿಯ ಧೂಳು ಕಣೇ ಅಂದೆ.

"ಧೂಳಾಗಿದ್ರೆ ಆಗ ತೊಳೆದಾಗಲೇ ಹೋಗ್ತಿತ್ತಲ್ರೀ" ಅಂದಳು.

ಇಪ್ಪತ್ತೊಂದು ದಿನ

ಅವತ್ತಿನಿಂದ ಅಂಗಡಿಗೆ ಬಂದವರನ್ನೆಲ್ಲ, ಎಲ್ಲಾದರೂ ನಾಲ್ಕು ಚಕ್ರದ ಬೈಕು ಮಾರಾಟಕ್ಕಿದೆಯಾ ಅಂತ ಕೇಳತೊಡಗಿದೆ. ಕೊನೆಗೆ ಸುಟ್ಟ ಮೋಟಾರು ತಂದ ಗೌರಿಬಿದನೂರಿನ ಗಿರಾಕಿಯೊಬ್ಬರು, ತಮ್ಮ ಪಕ್ಕದ ತೋಟದಲ್ಲಿ ಒಂದು ನಿಂತಿದೆ ಅಂದರು. ಯಾರೋ ಮಗನಿಗೆ ಅಂತ ತಂದದ್ದು, ಮಗ ಒಂದು ಸಲ ಬಿದ್ದವನು ಮತ್ತೆ ಅದರ ಕಡೆ ತಿರುಗಿ ನೋಡಿಲ್ಲವಂತೆ.

ಮಾರನೇ ದಿನವೇ ಹೋದೆ. ನೀಲಿ ಬಣ್ಣದ ಗಾಡಿ, ರೇಸಿನದು, ಷಡ್ಡಕರ ಗಾಡಿಗಿಂತ ತೆಳ್ಳಗೆ, ಚೂಪಾಗಿ ಇತ್ತು. ಹುಲ್ಲಿನ ಬಣವೆಯ ಪಕ್ಕ ನಿಂತಿತ್ತು. ಯಜಮಾನರು ಕೊಡಲು ಒಪ್ಪಿದರು. ನಾನು ಹಗ್ಗ, ಟೆಂಪೋ ಎಲ್ಲ ಜೊತೆಗೇ ತಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ ಬಂದು, ಈಗ ಗಾಡಿ ಮುಟ್ಟೋ ಹಾಗಿಲ್ಲ ಅಂದರು. ನೋಡಿದರೆ ಸೀಟಿನ ಹಿಂದೆ ಹುಲ್ಲಿನ ಮಧ್ಯೆ ಒಂದು ಕೋಳಿ ಕೂತು ನನ್ನನ್ನೇ ದಿಟ್ಟಿಸುತ್ತಿತ್ತು.

"ನೆನ್ನೆ ತಾನೇ ಕಾವಿಗೆ ಕೂತಿದೆ ಕಣಪ್ಪಾ. ಮರಿ ಆದ ಮೇಲೆ ಬಾ" ಅಂದರು ಆ ಅಜ್ಜಿ.

ಬೇರೆ ಗೂಡಿಗೆ ಎತ್ತಿಡಬಹುದಲ್ಲ ಅಂತ ವಿನಯದಿಂದಲೇ ಹೇಳಿದೆ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿದ ಗಾಡಿ ನಿನಗೆ ಒಳ್ಳೇದು ಮಾಡುತ್ತಾ ಅಂತ ಅವರು ಕೇಳಿದರು. ಖಾಲಿ ಟೆಂಪೋದಲ್ಲಿ ವಾಪಸ್ಸು ಬಂದೆ.

ವಾರಕ್ಕೊಂದು ಸಲ ಗೌರಿಬಿದನೂರಿಗೆ ಹೋಗಿ ಕೋಳಿಯನ್ನು ನೋಡಿಕೊಂಡು ಬರುತ್ತಿದ್ದೆ. ಈ ವಿಷಯ ನಂದಿಗೆ ತಿಳಿಯಬಾರದು ಅಂತ ಹೆಂಡತಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಅವಳು ಯಾರಿಗೂ ಹೇಳಲಿಲ್ಲ, ಅವಳ ಅಕ್ಕನಿಗೆ ಮಾತ್ರ ಹೇಳಿದ್ದಳು. ಇಪ್ಪತ್ತೊಂದು ದಿನ ಕಳೆದು, ಅಂತೂ ಗಾಡಿ ಮನೆಗೆ ಬಂದ ಸಂಜೆ ಷಡ್ಡಕರಿಂದ ಫೋನು ಬಂತು. ಗಾಡಿ ಹೇಗಿದೆ ಅಂತ ಕೇಳಲಿಲ್ಲ.

"ಮರಿ ಎಷ್ಟಾದ್ವಪ್ಪಾ?" ಅಂದರು.

ಎತ್ತಿಡುವ ಗಾಡಿ

ನೀಲಿ ಗಾಡಿ ಹೆಬ್ಬೆರಳಲ್ಲಿ ಎಕ್ಸಲರೇಟರ್ ಒತ್ತಿದರೆ ಬಾಣದ ಹಾಗೆ ಹೋಗುತ್ತಿತ್ತು. ಒಂದು ಊನ ಇತ್ತು, ಅದಕ್ಕೆ ರಿವರ್ಸ್ ಗೇರಿರಲಿಲ್ಲ. ರೇಸಿನಲ್ಲಿ ಯಾರು ಹಿಂದಕ್ಕೆ ಹೋಗ್ತಾರೆ ಹೇಳಿ. ಷಡ್ಡಕರ ಗಾಡಿಗೆ ರಿವರ್ಸ್ ಇದೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿರುತ್ತಿತ್ತು.

ನಮ್ಮದೊಂದು ಚಿಕ್ಕ ಹಿಪ್ಪುನೇರಳೆ ತೋಟ ಇದೆ, ಅಲ್ಲಿಂದ ಅಂಗಡಿಯ ಹಿಂಬಾಗಿಲಿಗೆ ಒಂದು ಕಾಲುದಾರಿ. ಅದು ಕೊನೆಗೆ ರೇಷ್ಮೆ ನೂಲು ತೆಗೆಯುವ ಮನೆಗಳ ಮಧ್ಯೆ ಒಂದು ಸಂದಿಯಾಗುತ್ತದೆ. ಮೊದಲನೇ ದಿನ ಜಂಬದಿಂದ ಆ ಸಂದಿಗೆ ನುಗ್ಗಿದೆ. ಎದುರಿಗೆ ರೇಷ್ಮೆಗೂಡಿನ ಮೂಟೆ ತುಂಬಿದ ಟೆಂಪೋ ಬಂತು. ಅವನು ಹಿಂದೆ ಹೋಗಲೊಲ್ಲ, ನಾನು ಹೋಗಲಾರೆ. ಹಾರನ್ನು ಕೇಳಿ ನೂಲು ತೆಗೆಯುವ ನಾಲ್ಕು ಜನ ಒದ್ದೆ ಕೈಯಲ್ಲೇ ಹೊರಗೆ ಬಂದರು. ಗಾಡಿಯನ್ನು ನಾಲ್ಕು ಮೂಲೆಗೆ ಹಿಡಿದು, ಮದುವೆ ಮನೆಯ ಅನ್ನದ ಕೊಪ್ಪರಿಗೆ ಎತ್ತಿದ ಹಾಗೆ ಎತ್ತಿ ಒಂದು ಜಗುಲಿಯ ಮೇಲಿಟ್ಟರು. ನಾನು ಇಳಿಯುವುದಕ್ಕೂ ಸಮಯ ಕೊಡಲಿಲ್ಲ. ಜಗುಲಿಯ ಮೇಲೆ ಗಾಡಿಯಲ್ಲಿ ಕೂತೇ ಟೆಂಪೋಗೆ ದಾರಿ ಕೊಟ್ಟೆ.

ಆ ವಾರದಲ್ಲಿ ಮೂರು ಸಲ ಹೀಗೇ ಆಯಿತು. ಆಮೇಲೆ ನನ್ನ ಗಾಡಿಯ ಸದ್ದು ಕೇಳಿದರೆ ಸಾಕು, ಆ ನಾಲ್ವರೂ ಪಂಚೆ ಎತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಇವತ್ತು ಯಾವ ಜಗುಲಿ ಮೇಲೆ ಇಡಣ ಸಾರ್?" ಅನ್ನುತ್ತಿದ್ದರು.

ಇಬ್ಬರ ನಗು

ಒಂದು ದಿನ ಷಡ್ಡಕರು ನಮ್ಮ ಮನೆಗೆ ಬಂದರು. ಇಲ್ಲೇ ಗೂಡಿನ ಮಾರ್ಕೆಟ್ಟಿನಲ್ಲಿ ಯಾರನ್ನೋ ನೋಡಬೇಕಿತ್ತು ಅಂದರು. ದ್ರಾಕ್ಷಿಯವರಿಗೆ ಗೂಡಿನ ಮಾರ್ಕೆಟ್ಟಿನಲ್ಲಿ ಏನು ಕೆಲಸ ಅಂತ ನಾನು ಕೇಳಲಿಲ್ಲ. ನೀಲಿ ಗಾಡಿಯನ್ನು ಒಣಗಿದ ಕೆರೆಯಂಗಳಕ್ಕೆ ಇಳಿಸಿ ಎರಡು ಸುತ್ತು ಹೊಡೆದುಕೊಂಡು ಬಂದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಗಾಳಿಗೆ ಅಂದರು.

ಹೇಗಿದೆ ಅಣ್ಣ ಅಂದೆ. ಪರವಾಗಿಲ್ಲ ಅಂದರು. ಆ ಪರವಾಗಿಲ್ಲ ಎಷ್ಟು ಆಳದಿಂದ ಬರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಕೆಂಪು ಗಾಡಿ ಎಮ್ಮೆಯ ಹಾಗೆ, ಎಷ್ಟು ಒತ್ತಿದರೂ ಅದರ ನಡಿಗೆ ಅದರದ್ದೇ. ಮೂರು ದಿನ ಬಿಟ್ಟು ನನ್ನ ಹೆಂಡತಿ, ಭಾವ ಸರಿಯಾಗಿ ಊಟ ಮಾಡ್ತಾ ಇಲ್ಲವಂತೆ, ಅಕ್ಕ ಫೋನಲ್ಲಿ ಹೇಳಿದಳು ಅಂದಳು. ಅವತ್ತು ನಾನು ಎರಡು ಮುದ್ದೆ ಜಾಸ್ತಿ ಉಂಡೆ.

ಅದಲು ಬದಲು ಮಾಡಿಕೊಂಡರೆ ಹೇಗೆ ಅನ್ನುವ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಅಕ್ಕ ತಂಗಿಯೇ ಫೋನಿನಲ್ಲಿ ಮಾತಾಡಿ ತೀರ್ಮಾನ ಮಾಡಿದರು. ನೀಲಿ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೆಂಡತಿಯ ಜೊತೆ ನಂದಿಗೆ ಹೋದೆ. ಅದಕ್ಕೊಂದು ಕಾಯಿಲೆ ಇತ್ತು. ಬಿಸಿಯಾದ ಮೇಲೆ ಆಫ್ ಮಾಡಿದರೆ ಅರ್ಧ ಗಂಟೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹಾಗಾಗಿ ಷಡ್ಡಕರು ಓಡಿಸಿ ನೋಡುವಷ್ಟು ಹೊತ್ತೂ ಆಫ್ ಮಾಡಲು ಬಿಡಲೇ ಇಲ್ಲ. ಎಂಜಿನ್ ಸದ್ದು ಕೇಳಿ ಅಣ್ಣ, ಸಂಗೀತದ ಹಾಗಿದೆ ಅಂದೆ. ಕೆಂಪು ಗಾಡಿಯನ್ನು ಅವರು ಮೂತಿ ಹೊರಗೆ ಮಾಡಿ ನಿಲ್ಲಿಸಿದ್ದರು. ನೇರ ಹೋಗಿ ಒಂದು ದೊಡ್ಡ ಸುತ್ತು ಹಾಕಿಕೊಂಡು ಬಾ, ತಿರುಗಿಸೋ ತೊಂದರೆಯೇ ಇಲ್ಲ ಅಂದರು. ರಿವರ್ಸ್ ಇದೆ ತಾನೇ ಅಂತ ಕೇಳಿದೆ.

"ಇದೆ. ರಿವರ್ಸ್ ವಿಷಯದಲ್ಲಿ ಇದನ್ನ ಮೀರಿಸೋದು ಇನ್ನೊಂದಿಲ್ಲ" ಅಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೊರಡುವಾಗ ಇಬ್ಬರೂ ಕೈಕೈ ಹಿಡಿದುಕೊಂಡು ತುಂಬಾ ಹೊತ್ತು ನಕ್ಕೆವು. ಟೆಂಪೋ ಹತ್ತಿದ ಮೇಲೆ ನನ್ನ ಹೆಂಡತಿ ಹೇಳಿದಳು. "ನೀವಿಬ್ರೂ ಇಷ್ಟು ಖುಷಿಯಾಗಿರೋದನ್ನ ನಾನು ಯಾವತ್ತೂ ನೋಡಿಲ್ಲ. ನನಗ್ಯಾಕೋ ಭಯ ಆಗ್ತಿದೆ."

ಹಿಂದು ಹಿಂದಕ್ಕೆ

ಮಾರನೇ ದಿನ ಬೇಕೆಂದೇ ಆ ಸಂದಿಗೆ ಹೋದೆ. ಟೆಂಪೋ ಬರುವವರೆಗೂ ಕಾದೆ. ಬಂತು. ನಾಲ್ವರೂ ಪಂಚೆ ಕಟ್ಟಿಕೊಂಡು ಹೊರಗೆ ಬಂದರು. ಕೈಯೆತ್ತಿ ಅವರನ್ನು ಅಲ್ಲೇ ನಿಲ್ಲಿಸಿ, ರಿವರ್ಸ್ ಲಿವರ್ ಎಳೆದೆ. ಗಾಡಿ ಗಂಭೀರವಾಗಿ ಹಿಂದಕ್ಕೆ ಸರಿಯಿತು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಸಂದಿ ದಾಟಿದ ಮೇಲೆ ಲಿವರನ್ನು ವಾಪಸ್ಸು ತಳ್ಳಿದೆ. ಅದು ಬರಲಿಲ್ಲ. ಗುದ್ದಿದೆ, ಒದ್ದೆ, ಕೊನೆಗೆ ಬೇಡಿಕೊಂಡೆ. ಒಂದು ಸಲ ರಿವರ್ಸಿಗೆ ಬಿದ್ದರೆ ಎಂಜಿನ್ ಪೂರ್ತಿ ತಣ್ಣಗಾಗಿ, ಲಿವರಿಗೆ ಮನಸ್ಸು ಬರುವವರೆಗೂ ಅದು ರಿವರ್ಸೇ. ಸಂದಿಯ ಬಾಯಲ್ಲೇ ನಿಂತು ನಗೆಪಾಟಲಾಗುವುದಕ್ಕಿಂತ ತೋಟಕ್ಕೆ ಹೋಗುವುದೇ ವಾಸಿ ಅನ್ನಿಸಿ, ಕತ್ತು ತಿರುಗಿಸಿಕೊಂಡು ಒಂದು ಮೈಲಿ ಹಿಂದುಹಿಂದಕ್ಕೇ ಹೋದೆ. ಮೇಯುತ್ತಿದ್ದ ಎಮ್ಮೆಗಳು ಮೇಯುವುದನ್ನು ಬಿಟ್ಟು ನೋಡಿದವು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಸಾದಲಿ ಕಡೆಯ ಅಜ್ಜಿಯೊಬ್ಬರು ಪಕ್ಕಕ್ಕೆ ಸರಿದು, ಪಾಪ ಅನ್ನುವ ದನಿಯಲ್ಲಿ ಕೇಳಿದರು.

"ಯಾಕಪ್ಪಾ, ಮನೇಲಿ ಏನಾದ್ರೂ ಮರೆತು ಬಂದ್ಯಾ?"

ಅತ್ತೆಯ ಗಾಡಿ

ಅತ್ತ ನೀಲಿ ಗಾಡಿ ದಿನಾ ತೋಟದ ಮಧ್ಯೆ ನಿಂತು, ಷಡ್ಡಕರು ಅದನ್ನು ತಳ್ಳಿಕೊಂಡು ಬರುತ್ತಿದ್ದರಂತೆ. ಅವರು ನನಗೆ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಅಷ್ಟಾಗಿದ್ದರೆ ಪರವಾಗಿರಲಿಲ್ಲ. ನಿನ್ನ ಗಂಡ ಮೋಸ ಮಾಡಿದರು ಅಂತ ಅಕ್ಕ, ಇಲ್ಲ ನಿನ್ನ ಗಂಡನೇ ಮಾಡಿದ್ದು ಅಂತ ತಂಗಿ, ಕೊನೆಗೆ ಅವರಿಬ್ಬರ ಮಾತೇ ನಿಂತುಹೋಯಿತು. ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತಿದ್ದವರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಮೊಬೈಲನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿರುವುದನ್ನು ನೋಡಿದ ಮೇಲೆ ನನಗೂ ಮುದ್ದೆ ಇಳಿಯಲಿಲ್ಲ. ನಾಚಿಕೆ ಬಿಟ್ಟು ಮಾವನವರಿಗೆ ಫೋನು ಮಾಡಿ, ಹೇಗಾದರೂ ಮಾಡಿ ಸರಿಮಾಡಿಸಿ ಅಂದೆ. ಷಡ್ಡಕರು ಹಿಂದಿನ ದಿನವೇ ಮಾಡಿ ಇದನ್ನೇ ಹೇಳಿದ್ದರು ಅನ್ನುವುದು ಆಮೇಲೆ ತಿಳಿಯಿತು.

ಅತ್ತೆ ಮಾವ ಇರುವುದು ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ, ಟೊಮೆಟೊ ಬೆಳೆಯುತ್ತಾರೆ. ಎರಡೂ ಗಾಡಿ ತಗೊಂಡು, ನಿಮ್ಮ ನಿಮ್ಮ ಹೆಂಡತಿಯರನ್ನೂ ಕರ್ಕೊಂಡು ಬನ್ನಿ ಅಂತ ಮಾವ ಇಬ್ಬರಿಗೂ ಹೇಳಿದರು. ಹೋದೆವು. ಅಕ್ಕ ತಂಗಿಯನ್ನು ಅತ್ತೆ ಒಳಗೆ ಕರೆದುಕೊಂಡು ಹೋದರು. ಮಾವ ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು. ಆತ ಕೆಂಪು ಗಾಡಿಗೆ ಒಂದು ಸ್ಪ್ರಿಂಗು, ನೀಲಿ ಗಾಡಿಗೆ ಒಂದು ಹೊಸ ವೈರು ಹಾಕಿ, ಕಾಫಿ ಆರುವುದರೊಳಗೆ ಎರಡನ್ನೂ ಸರಿಮಾಡಿದ. ಇಪ್ಪತ್ತು ವರ್ಷ ಮೋಟಾರು ಬಿಚ್ಚಿದ ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಈಗ ಕಷ್ಟ ಶುರುವಾಯಿತು. ಸರಿಹೋದ ಕೆಂಪು ಗಾಡಿ ನನಗೆ ಬೇಕಿತ್ತು. ಸರಿಹೋದ ನೀಲಿ ಗಾಡಿ ಅವರ ಪಾಲಾಗುವುದನ್ನು ನೋಡುವುದಕ್ಕೂ ಆಗುತ್ತಿರಲಿಲ್ಲ. ಷಡ್ಡಕರ ಮುಖದಲ್ಲೂ ಅದೇ ಕಾಣುತ್ತಿತ್ತು. ಮಾವ ಇಬ್ಬರನ್ನೂ ನೋಡಿದರು.

"ಬೀಗದ ಕೈ ಎರಡೂ ಇಲ್ಲಿಡಿ. ಗಾಡಿ ಸ್ವಲ್ಪ ದಿನ ಇಲ್ಲೇ ಇರ್ಲಿ. ನನ್ನ ಹೆಣ್ಣುಮಕ್ಕಳ ಮಾತು ಮೊದಲು ಸರಿಹೋಗಲಿ" ಅಂದರು.

ಅದು ಆಗಲೇ ಸರಿಹೋಗಿತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕ ತಂಗಿ ಒಂದು ಸೀಟಿನಲ್ಲಿ ಕೂತು, ಹದಿನೈದು ದಿನದ ಬಾಕಿ ಮಾತನ್ನೆಲ್ಲ ಶಿಡ್ಲಘಟ್ಟ ಬರುವುದರೊಳಗೆ ಮುಗಿಸಿದರು. ಹಿಂದಿನ ಸೀಟಿನಲ್ಲಿ ನಾನೂ ಷಡ್ಡಕರೂ ಮೊದಲನೇ ಸಲ ಒಬ್ಬರನ್ನು ಕಂಡು ಒಬ್ಬರು ಉರಿದುಕೊಳ್ಳದೆ, ಇಬ್ಬರೂ ಸೇರಿ ಮಾವನವರನ್ನು ನೆನೆಸಿಕೊಂಡು ಉರಿದುಕೊಂಡೆವು.

ಎರಡು ತಿಂಗಳು ಕಾದೆವು. ಆ ಕಡೆಯಿಂದ ಗಾಡಿಯ ಸುದ್ದಿಯೇ ಇಲ್ಲ. ಕೊನೆಗೆ ಇಬ್ಬರೂ ಮಾತಾಡಿಕೊಂಡು, ವಾಪಸ್ಸು ಕೇಳಿಯೇ ಬಿಡೋಣ ಅಂತ ಹೋದೆವು. ಊರ ಹೊರಗೇ ಮಾವ ಸಿಕ್ಕರು. ತಲೆಗೆ ಟವೆಲು ಸುತ್ತಿಕೊಂಡು, ನೀಲಿ ಗಾಡಿಯಲ್ಲಿ ಟೊಮೆಟೊ ತೋಟದ ಬದಿಯಲ್ಲಿ ಹೋಗುತ್ತಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು, ನಿಲ್ಲಿಸಲಿಲ್ಲ. ಮನೆಯ ಅಂಗಳದಲ್ಲಿ ಕೆಂಪು ಗಾಡಿ ಕಾಣಲಿಲ್ಲ. ಮಾರಿಬಿಟ್ಟರೇನೋ ಅಂತ ಷಡ್ಡಕರು ನನ್ನ ಕಿವಿಯಲ್ಲಿ ಹೇಳುತ್ತಿರುವಾಗಲೇ ಹಿಂದಿನಿಂದ ಸದ್ದಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದೆ ಹಸಿ ಹುಲ್ಲಿನ ಹೊರೆ ಕಟ್ಟಿಕೊಂಡು ಅತ್ತೆ ಬಂದರು. ಅಂಗಳದಲ್ಲಿ ಒಂದು ಸುತ್ತು ತಿರುಗಿಸಿ, ರಿವರ್ಸಿನಲ್ಲಿ ನೇರ ದನದ ಕೊಟ್ಟಿಗೆಯೊಳಗೆ ನಿಲ್ಲಿಸಿದರು. ಅಷ್ಟು ಚೆಂದವಾಗಿ ರಿವರ್ಸ್ ಹೊಡೆಯುವುದು ನನಗೆ ಇವತ್ತಿಗೂ ಬರುವುದಿಲ್ಲ.

ಕೇಳಬೇಕು ಅಂದುಕೊಂಡು ಬಂದಿದ್ದ ಮಾತನ್ನು ಬಿಟ್ಟು ಇಬ್ಬರೂ ಜಗುಲಿಯ ಮೇಲೆ ಕೂತೆವು. ಅತ್ತೆ ಕೈ ತೊಳೆದು ಕಾಫಿ ತಂದುಕೊಟ್ಟರು. ಮಾವ ಇನ್ನೂ ತೋಟದಲ್ಲೇ ಇದ್ದಾರಾ ಅಂತ ಒಮ್ಮೆ ಬಾಗಿಲಿಗೆ ಹೋಗಿ ನೋಡಿ ಬಂದು, ನಮ್ಮ ಹತ್ತಿರ ಕೂತು, ದನಿ ತಗ್ಗಿಸಿದರು.

"ಅಳಿಯಂದ್ರೇ, ನಿಮಗೆ ಅನುಭವ ಇದೆ ಅಂತ ಕೇಳ್ತಾ ಇದೀನಿ. ಅವರ ನೀಲಿ ಗಾಡಿ ಅಷ್ಟು ಜೋರಾಗಿ ಹೋಗೋದನ್ನ ನೋಡಿದ್ರೆ ನನಗೆ ತಡೆಯೋಕಾಗಲ್ಲ. ಇದನ್ನ ತಗೊಂಡು ಅದನ್ನ ನನಗೆ ಕೊಡೋ ಹಾಗೆ ಹೇಗಾದ್ರೂ ಒಪ್ಸಿ. ಇದರ ಬ್ರೇಕು ಈಚೆಗೆ ಸರಿಯಾಗಿ ಹಿಡೀತಾ ಇಲ್ಲ, ಅದೊಂದು ಮಾತ್ರ ಅವರಿಗೆ ಹೇಳ್ಬೇಡಿ."