ವೀರೇಶನ ಎಡ ರೆಕ್ಕೆ

ಕೆಲಸಕ್ಕೆ ಜೊತೆಯಾಗುತ್ತಿದ್ದ ಗೆಳೆಯ ಬಸು ಬರುವುದಿಲ್ಲ ಎಂಬ ಮೆಸೇಜು ಬೆಳಿಗ್ಗೆ ಒಂಬತ್ತೂವರೆಗೆ ಬಂದಾಗ ವೀರೇಶನಿಗೆ ಕೈಕಾಲೇ ಆಡಲಿಲ್ಲ. ಸಿಂಗಸಂದ್ರದ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಮಿಕ್ಕವರು ಕಾರು ನಿಲ್ಲಿಸುವ ಕಡೆ, ಅವನು ಎರಡು ವರ್ಷದಿಂದ ವಿಮಾನ ಕಟ್ಟುತ್ತಿದ್ದ. ಆಟಿಕೆಯಲ್ಲ, ಇಬ್ಬರು ಕೂತು ಹಾರುವ ನಿಜವಾದ ವಿಮಾನ. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಜೋಡಿಸುವ ಕರ್ಮ ನಮ್ಮದು. ಎರಡು ವರ್ಷಕ್ಕೆ ಆಗಿದ್ದು ಮುಕ್ಕಾಲು ಎಡ ರೆಕ್ಕೆ.

ಅಸೋಸಿಯೇಷನ್ ಕಾರ್ಯದರ್ಶಿ ಶೈಲಜಾ ಮೇಡಂ ಕಡೆಯ ಅವಕಾಶ ಕೊಟ್ಟಿದ್ದರು. ಇವತ್ತು ಹತ್ತರಿಂದ ನಾಲ್ಕರವರೆಗೆ ಎಷ್ಟಾದರೂ ಸದ್ದು ಮಾಡಿಕೊಳ್ಳಬಹುದು. ನಾಲ್ಕಕ್ಕೆ ಹವ್ಯಾಸಿ ವಿಮಾನಗಾರರ ಸಂಘದ ಪರೀಕ್ಷಕ ಆವಲಪ್ಪನವರು ಬಂದು, ರೆಕ್ಕೆ ಸರಿಯಿದೆ ಎಂದು ಸಹಿ ಹಾಕಿದರೆ ಜಾಗ ಇನ್ನೊಂದು ವರ್ಷ ಅವನದು. ಇಲ್ಲದಿದ್ದರೆ ನಾಳೆಯೇ ಎಲ್ಲ ಗುಜರಿಗೆ.

ರೆಕ್ಕೆಯ ತಗಡುಗಳನ್ನು ಬಿಗಿಯುವ ಮೊಳೆ, ಅಂದರೆ ರಿವೆಟ್, ಹೊಡೆಯಲು ಇಬ್ಬರು ಬೇಕೇ ಬೇಕು. ಒಬ್ಬ ಹೊರಗಿನಿಂದ ರಿವೆಟ್ ಗನ್ ಹಿಡಿದು ದಡದಡ ಬಡಿಯುತ್ತಾನೆ. ಇನ್ನೊಬ್ಬ ರೆಕ್ಕೆಯ ತೂತಿನೊಳಗೆ ಕೈ ತೂರಿಸಿ, ರಿವೆಟ್ಟಿನ ಬಾಲಕ್ಕೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆ ಕೈ ಒಂಚೂರು ಅಲುಗಿದರೂ ರಿವೆಟ್ ಸೊಟ್ಟ.

ಹೆಂಡತಿ ಹೇಮಲತಾ ಆಫೀಸಿನ ಕಾಲ್ ಇದೆಯೆಂದು ಜಾರಿಕೊಂಡಳು. ವಾಚ್‌ಮನ್ ಚನಬಸಪ್ಪನ ದಪ್ಪ ತೋಳು ತೂತಿನಲ್ಲಿ ಸಿಕ್ಕಿಕೊಂಡು, ಬಿಡಿಸಲು ಕೊಬ್ಬರಿ ಎಣ್ಣೆ ಸುರಿಯಬೇಕಾಯಿತು. ಮೊದಲ ಮಹಡಿಯ ಸಂಗಮೇಶ್ ಬಲು ಹುಮ್ಮಸ್ಸಿನಿಂದ ಬಂದರು, ಪ್ರತಿ ಹೊಡೆತಕ್ಕೂ ಬೆಚ್ಚಿದರು, ಇದನ್ನೆಲ್ಲ ಗಮ್ ಹಾಕಿ ಅಂಟಿಸಬಾರದೇ ಎಂದು ಸಲಹೆ ಕೊಟ್ಟು ಹೋದರು. ಹನ್ನೊಂದೂವರೆಯಾಯಿತು. ಆಗಿದ್ದು ಮೂರು ರಿವೆಟ್, ಮೂರೂ ಸೊಟ್ಟ. ಅವನ್ನು ಕಿತ್ತು ಮತ್ತೆ ಹೊಡೆಯುವುದೂ ಸೇರಿ ಬಾಕಿಯಿದ್ದದ್ದು ನೂರಾ ಅರವತ್ತು.

ಅಷ್ಟರಲ್ಲಿ ಎರಡನೇ ಮಹಡಿಯ ಮುದುಕವ್ವ ಇಳಿದು ಬಂದರು. ಗದಗದ ಕಡೆಯ ಅಜ್ಜಿ, ವಯಸ್ಸು ಎಪ್ಪತ್ತಾರು. ಬೈಯಲೆಂದೇ ಬಂದಿದ್ದರು.

"ಏನು ಬಡಿಯಾಕತ್ತೀಯೋ ತಮ್ಮಾ? ಮುಂಜಾನಿಂದ ಕೇಳಾಕತ್ತೀನಿ, ಒಂದು ಪೆಟ್ಟರೆ ನೆಟ್ಟಗ ಬಿದ್ದಿಲ್ಲ."

ವೀರೇಶ ಅಳುವ ಮುಖ ಮಾಡಿಕೊಂಡು ಕೆಲಸ ವಿವರಿಸಿದ. ಅಜ್ಜಿ ಬಳೆ ಮೇಲೇರಿಸಿ, ಕಡ್ಡಿಯಂಥ ತೋಳನ್ನು ತೂತಿಗೆ ತೂರಿಸಿ ಗಟ್ಟಿ ಹಿಡಿದರು. ಅರವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಒಳಗೆ ರಿವೆಟ್ ಕೂತಿತೋ ಇಲ್ಲವೋ ಎಂಬುದು ಅವರ ಅಂಗೈಗೇ ಗೊತ್ತಾಗುತ್ತಿತ್ತು. ಇನ್ನೆರಡು ಹಾಕು ಎಂದರೆ ಎರಡು, ಸಾಕು ಎಂದರೆ ಸಾಕು. ನಿನ್ನ ಕೈ ಭಾಳ ಬಿರುಸು ಎಂದು ನಡುನಡುವೆ ಬೈಗುಳ ಬೇರೆ.

ಮಧ್ಯಾಹ್ನ ಒಂದು ಗಂಟೆಗೆ ಐವತ್ತಾಯಿತು. ಎಣಿಸುವ ಕೆಲಸ ಚನಬಸಪ್ಪ ವಹಿಸಿಕೊಂಡ. ನೂರು ದಾಟಿದಾಗ ಜನ ಸ್ಕೂಟರುಗಳ ಮೇಲೆ ಕೂತು ನೋಡುತ್ತಿದ್ದರು, ಶೈಲಜಾ ಮೇಡಂ ತಾವೇ ಮಜ್ಜಿಗೆ ಹಂಚಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊನೆಯ ರಿವೆಟ್ ಕೂತಿತು. ಪಾರ್ಕಿಂಗ್ ತುಂಬ ಚಪ್ಪಾಳೆ. ವೀರೇಶನ ಕಣ್ಣಲ್ಲಿ ನಿಜಕ್ಕೂ ನೀರು ಬಂತು.

ಆವಲಪ್ಪನವರು ಟಾರ್ಚು, ಕನ್ನಡಿ ಹಿಡಿದು ಒಂದೊಂದೇ ರಿವೆಟ್ ನೋಡಿದರು. ಕೊನೆಗೆ ಒಳಗೆ ಹಿಡಿದವರು ಯಾರು ಎಂದು ಕೇಳಿದರು. ವೀರೇಶ ಹೆಮ್ಮೆಯಿಂದ ಅಜ್ಜಿಯನ್ನು ತೋರಿಸಿದ. ಪರೀಕ್ಷಕರು ಟೋಪಿ ತೆಗೆದು ಕೈ ಮುಗಿದು, ಆಮೇಲೆ ಸಹಿ ಹಾಕಿದರು.

ಎಲ್ಲರ ಕೈ ಕುಲುಕಿ ವೀರೇಶ ಬರುವಷ್ಟರಲ್ಲಿ ಅಜ್ಜಿಯೂ ಪರೀಕ್ಷಕರೂ ಮೂಲೆಯಲ್ಲಿ ಮಾತಾಡುತ್ತಿದ್ದರು. ನಾಳೆ ಹತ್ತಕ್ಕೆ ಬಲ ರೆಕ್ಕೆ ಶುರು ಮಾಡೋಣ ಎಂದ ವೀರೇಶ.

"ನಾಳೆ ನಾ ಇವರ ಜೋಡಿ ಚಂದಾಪುರಕ್ಕ ಹೊಂಟೀನಿ ತಮ್ಮಾ. ಇವರೂ ಒಂದು ವಿಮಾನ ಕಟ್ಯಾರಂತ. ಬಾಲ ಒಂದ ಬಾಕಿ ಐತಂತ, ಗಟ್ಟಿ ಹಿಡಿಯಾಕ ಯಾರೂ ಸಿಕ್ಕಿಲ್ಲಂತ. ಯುಗಾದಿಗೆ ನನ್ನ ಮ್ಯಾಲ ಕರಕೊಂಡು ಹೋಗ್ತಾರ."

ಆವಲಪ್ಪನವರು ನೆಲ ನೋಡಿದರು.

"ನನ್ನ ವಿಮಾನದಲ್ಲೂ ನಿಮ್ಮನ್ನೇ ಮೊದಲು ಕೂರಿಸ್ತೀನಿ, ಅಜ್ಜಿ," ಎಂದ ವೀರೇಶ ಅಂಗಲಾಚಿ.

ಅಜ್ಜಿ ರೆಕ್ಕೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಅವನ ಬೆನ್ನು ಸವರಿದರು.

"ಎರಡು ವರ್ಷಕ್ಕ ಒಂದು ರೆಕ್ಕಿ ಮಾಡೀಯಪಾ. ನನಗ ಈಗ ಎಪ್ಪತ್ತಾರು."