ಭಾವನವರ ನೀಲಿ ಇಂಕಿನ ಪರೀಕ್ಷೆ

ನಮ್ಮ ಮನೆಯಲ್ಲಿ ಗಂಡು ಒಪ್ಪಿಗೆಯಾಗುವುದು ಸುಲಭ, ಇಂಕು ಒಪ್ಪಿಗೆಯಾಗುವುದು ಕಷ್ಟ! ನಗಬೇಡಿ. ನನ್ನ ಮಗಳಿಗೆ ಗೊತ್ತಾದ ಹುಡುಗನನ್ನು ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಒಪ್ಪಿಬಿಟ್ಟರು. ಅವಳ ಲಗ್ನಪತ್ರಿಕೆ ಬರೆಯಲು ಬೇಕಾದ ನೀಲಿ ಇಂಕನ್ನು ಒಪ್ಪಲು ಮಾತ್ರ ಅವರಿಗೆ ಆಷಾಢವಿಡೀ ಸಾಲಲಿಲ್ಲ.

ಹನಗೋಡಿನ ಕಡೆಯ ನಮ್ಮೂರಲ್ಲಿ ಯಾರ ಮನೆಯಲ್ಲಿ ಲಗ್ನ ಕಟ್ಟಿಸಿದರೂ ಐನೋರು ಹೇಳುವುದು, ಭಾವನವರು ಬರೆಯುವುದು. ಹೊಗೆಸೊಪ್ಪು ಬೆಳೆಯುವ ಆ ಒರಟು ಕೈಯಿಂದ ಮುತ್ತು ಪೋಣಿಸಿದಂಥ ಅಕ್ಷರ ಹೇಗೆ ಬರುತ್ತದೋ ದೇವರೇ ಬಲ್ಲ! ಬಾಲ್ ಪೆನ್ನು ಕಂಡರೆ ಅವರಿಗೆ ಆಗದು. ಕಪ್ಪು ಶುಭಕ್ಕೆ ಆಗದು. ಇಂಕ್ ಪೆನ್ನೇ ಬೇಕು, ನೀಲಿಯೇ ಬೇಕು. ಇಷ್ಟು ವರ್ಷ ಹುಣಸೂರಿನ ಅಂಗಡಿಯಲ್ಲಿ ಸಿಕ್ಕ ಸೀಸೆಯನ್ನು ತಂದು ತೆಪ್ಪಗೆ ಬರೆಯುತ್ತಿದ್ದವರಿಗೆ ನನ್ನ ಮಗಳ ಸರದಿ ಬಂದಾಗಲೇ ಯಾವ ಇಂಕೂ ಸರಿಬೀಳದಂತಾಯಿತು. ನನ್ನ ಹಣೆಬರಹ, ಬೇರೇನು?

ನನಗೋ ಒಳಗೊಳಗೇ ಪುಕುಪುಕು. ಬೀಗರು, ಅಂದರೆ ಹುಡುಗನ ತಂದೆ, ಕೃಷ್ಣರಾಜನಗರದ ಕಡೆಯವರು, ಭತ್ತದ ಗದ್ದೆಯವರು, ಸ್ಥಿತಿವಂತರು. ಆದರೆ ನಕ್ಕಿದ್ದನ್ನು ಕಂಡವರಿಲ್ಲ. ಮನೆ ನೋಡಲು ಬಂದ ದಿನ ಆಡಿದ್ದು ಒಂದೇ ಮಾತು: “ಯೋಳಿದ್ ಒತ್ಗೆ ಆಗ್ಬೇಕು ಕಣ್ರೀ.” ಹಿಂದೆ ಒಂದು ಕಡೆ ಹುಡುಗಿಯವರು ತಡ ಮಾಡಿದರೆಂದು ಆ ಮನುಷ್ಯ ಎಲೆ ಮುಂದಿನಿಂದ ಎದ್ದು ಹೋಗಿದ್ದರಂತೆ. ಸಂಬಂಧ ಕುದುರಿಸಿದವರು ಇದನ್ನು ಹೇಳಿದ್ದು ಮಾತೆಲ್ಲ ಮುಗಿದ ಮೇಲೆ! ಇಂಥ ಮನೆಯಲ್ಲಿ ನನ್ನ ಮಗಳು ಹೇಗೆ ಬಾಳುತ್ತಾಳೋ ಎಂದು ನಾನು ನಿದ್ದೆಗೆಟ್ಟು ಕೂತಿದ್ದರೆ, ಭಾವನವರು ಇಂಕಿನ ಸೀಸೆ ಹಿಡಿದು ಕೂತಿದ್ದರು.

ಮೊದಲ ಪರೀಕ್ಷೆ ಹುಣಸೂರಿನ ಅಂಗಡಿಯಲ್ಲೇ ನಡೆಯಿತು. ಹರಾಜಿನಲ್ಲಿ ಹೊಗೆಸೊಪ್ಪು ಕೊಳ್ಳುವವರು ಮೂಟೆಯಿಂದ ಒಂದು ಎಲೆ ಎಳೆದು ಏನೇನು ಮಾಡುತ್ತಾರೋ, ಭಾವನವರು ಇಂಕಿಗೂ ಅದನ್ನೇ ಮಾಡಿದರು. ಮುಚ್ಚಳ ತೆಗೆದು ಮೂಸಿದರು. ಒಂದು ತೊಟ್ಟನ್ನು ಬೆರಳುಗಳ ನಡುವೆ ಉಜ್ಜಿದರು. ಸೀಸೆಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಅಂಗಡಿಯವನಿಗೆ ತಡೆಯಲಾಗಲಿಲ್ಲ.

“ಯಜಮಾನ್ರೇ, ಅದು ಬರೆಯೋಕೆ ಕಣ್ರೀ, ಸೇದೋಕಲ್ಲ!”

ಬೆರಳು ನೀಲಿ ಮಾಡಿಕೊಂಡು, ಸೀಸೆಯನ್ನೂ ಕೊಂಡು ಬಂದರು. ಮಾರನೆಯ ದಿನಕ್ಕೆ ಅದು ನಪಾಸು. ತೆಳ್ಳಗಿದೆಯಂತೆ, ನಿಬ್ಬಿನ ಮಾತು ಕೇಳುವುದಿಲ್ಲವಂತೆ! ನನ್ನ ಮಗಳಿಗೆ ದೊಡ್ಡಪ್ಪನೆಂದರೆ ಪ್ರಾಣ. ಮೊಬೈಲಿನಲ್ಲಿ ಹುಡುಕಿ ಒಂದಾದ ಮೇಲೊಂದು ಸೀಸೆ ತರಿಸಿಕೊಟ್ಟಳು. ಆಕಾಶದ ನೀಲಿ, ಕಡಲಿನ ನೀಲಿ, ರಾಜನೀಲಿ. ನಮ್ಮ ಜಗಲಿಯ ಗೂಡಿನಲ್ಲಿ ದೇವರ ಕುಂಕುಮದ ಬಟ್ಟಲಿಗೂ ಜಾಗವಿಲ್ಲ!

ಎರಡನೆಯದು ಅರಿಶಿನದ ಪರೀಕ್ಷೆ. ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತೇವಲ್ಲ, ಅದು ಅಕ್ಷರಕ್ಕೆ ತಾಗಿದರೆ ಏನಾಗುತ್ತದೆಂದು ಇವರಿಗೆ ಅನುಮಾನ ಬಂತು. ನನ್ನ ಅಡುಗೆಮನೆಯ ಅರಿಶಿನದ ಡಬ್ಬಿ ಜಗಲಿಗೆ ಹೋಯಿತು. ಕಡಲಿನ ನೀಲಿಯ ಮೇಲೆ ಒದ್ದೆ ಅರಿಶಿನ ಬಿದ್ದದ್ದೇ ತಡ, ಗಿಣಿಹಸಿರು!

“ಆದ್ರೇನು ಭಾವಾ? ಹಸಿರೂ ಶುಭವೇ ಅಲ್ವಾ?” ಎಂದೆ.

“ಏನವ್ವಾ ನೀನು! ಲಗ್ನಪತ್ರಿಕೆಗೆ ಗೆಜೆಟೆಡ್ ಆಫೀಸರು ಸೈನ್ ಮಾಡ್ದಂಗೆ ಕಾಣಾಕಿಲ್ವಾ?”

ಸಾರಿಗೆ ಅರಿಶಿನವಿಲ್ಲದ ಆ ಮಧ್ಯಾಹ್ನ ನನ್ನ ಯಜಮಾನರು ತಟ್ಟೆ ನೋಡಿ, ಅಣ್ಣನನ್ನು ನೋಡಿ, ಉಂಡೆದ್ದರು.

ಮೂರನೆಯದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಇಂಕು ನೂರು ಕಾಲ ಬಾಳುತ್ತದೋ ಇಲ್ಲವೋ ನೋಡಬೇಕೆಂದು, ರಾಜನೀಲಿ ಹಚ್ಚಿದ ಹಾಳೆಯನ್ನು ಭಾವನವರು ಹೊಗೆಸೊಪ್ಪಿನ ಜೊತೆ ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ನೇತುಹಾಕಿದರು! ಬ್ಯಾರನ್ನೆಂದರೆ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಮನೆ. ಹದವಾಗುವ ತನಕ ಅದರ ಬಾಗಿಲು ತೆಗೆಯುವವರುಂಟೇ? ಇವರು ಹಾಳೆ ಹೇಗಿದೆಯೆಂದು ಗಳಿಗೆಗೊಮ್ಮೆ ತೆಗೆದು ಇಣುಕಿದರು. ಕಾವು ಹೋಯಿತು, ಬಂಗಾರದ ಬಣ್ಣಕ್ಕೆ ಬರಬೇಕಿದ್ದ ಸೊಪ್ಪು ಕಪ್ಪಾಯಿತು. ಅವರ ಹೆಂಡತಿ, ನಮ್ಮಕ್ಕ, ಸೊಂಟಕ್ಕೆ ಸೆರಗು ಸಿಕ್ಕಿಸಿ ಬ್ಯಾರನ್ನಿನ ಮುಂದೆಯೇ ನಿಂತರು.

“ಸೊಪ್ಪು ಕಪ್ಪಾಯ್ತು, ಇಂಕು ನೀಲಿಯಾಗೇ ಅದೆ. ಈ ಸಲ ಇಂಕ್ನೇ ಅರಾಜಿಗೆ ಹಾಕಿ, ಓಗಿ!”

ಭಾವನವರು ಕಡ್ಡಿಯಿಂದ ಹಾಳೆ ಬಿಚ್ಚಿಕೊಂಡರು. ಆ ರಾಜನೀಲಿಯ ಸೀಸೆಯನ್ನು ಪಂಚೆಯಲ್ಲಿ ಒರೆಸಿ ಗೂಡಿನಲ್ಲಿಟ್ಟರು. ಅಬ್ಬ, ಕೊನೆಗೂ ಪಾಸಾಯಿತು ಎಂದುಕೊಂಡೆ.

ಶ್ರಾವಣದ ಶುಕ್ರವಾರ ಬಂತು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಪತ್ರಿಕೆ ಬರೆದು ಮುಗಿಯಬೇಕು. ಬೀಗರು ಹೇಳಿದ್ದಕ್ಕಿಂತ ಮೊದಲೇ ಬಂದು ಚಾಪೆಯ ಮೇಲೆ ಕೂತು ಗಡಿಯಾರ ನೋಡಿಕೊಂಡರು. ದೀಪ ಆರದಿರಲೆಂದು ಫ್ಯಾನು ನಿಲ್ಲಿಸಿದ್ದೆವು. ಸೆಕೆಗೋ ಹೆದರಿಕೆಗೋ ನನಗೆ ಬೆನ್ನೆಲ್ಲ ಬೆವರು. ಭಾವನವರು ಮಣೆಯ ಮೇಲೆ ಹಾಳೆ ಹರಡಿ ಪೆನ್ನು ತೆಗೆದರು. ಐನೋರು ಹೇಳತೊಡಗಿದರು.

ಶ್ರೀಕಾರ ಹಾಕಿದ ಭಾವನವರು ಹಾಳೆಯನ್ನೇ ನೋಡುತ್ತ ಕೂತರು.

“ಈ ಇಂಕು ಸರಿಯಾಗಿಲ್ಲ” ಎಂದರು. “ಮಗಾ, ಆ ಇನ್ನೊಂದು ಸೀಸೆ ತತ್ತಾ.”

ಮಗಳು ರೇಷ್ಮೆ ಸೀರೆ ಎತ್ತಿಕೊಂಡು ಓಡಿದಳು. ಇಂಕು ಬದಲಾಯಿತು, ಹಾಳೆಯೂ ಬದಲಾಯಿತು. ಮತ್ತೆ ಶ್ರೀಕಾರ. ಮತ್ತೆ ಅದೇ ಮಾತು. ಬೀಗರು ಗಡಿಯಾರ ನೋಡಿದರು. ನನ್ನ ಯಜಮಾನರು ಕೆಮ್ಮಿದರು. ಮೂರನೆಯ ಸೀಸೆ ಬಂದಾಗ ನನಗೆ ರೇಗಿಹೋಯಿತು. ಹಿರಿಯರೆಂದು ಎಷ್ಟು ಸಹಿಸುವುದು? ನನ್ನ ಮಗಳ ಬಾಳಿನ ಜೊತೆ ಇದೇನು ಆಟ! ಎರಡು ಮಾತು ಅಂದೇಬಿಡೋಣವೆಂದು ಹತ್ತಿರ ಹೋಗಿ ಬಗ್ಗಿದೆ.

ಇಂಕು ಚೆನ್ನಾಗಿಯೇ ಇತ್ತು. ನಡುಗುತ್ತಿದ್ದದ್ದು ಭಾವನವರ ಕೈ.

ಶ್ರೀಕಾರ ನಡುಗಿ ನಡುಗಿ ಏನೋ ಆಗಿತ್ತು. ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದಿದ್ದರು, ಎರಡೂ ಕೂಡಿ ನಡುಗುತ್ತಿದ್ದವು. ಅಕ್ಕನ ಕಡೆ ನೋಡಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ತಲೆ ತಗ್ಗಿಸಿದರು. ಆಷಾಢವಿಡೀ ಆ ಮನುಷ್ಯ ಹುಡುಕಿದ್ದು ತನ್ನ ಕೈ ನಡುಗಿದರೂ ನಡುಗದ ಇಂಕನ್ನು! ಅದು ಯಾವ ಅಂಗಡಿಯಲ್ಲಿ ಸಿಕ್ಕೀತು?

ಐನೋರು ಕೈ ಚಾಚಿದರು. “ಕೊಡಿ ಯಜಮಾನ್ರೇ, ಒತ್ತಾಯ್ತಾ ಅದೆ, ನಾನೇ ಬರೀತೀನಿ.”

ಭಾವನವರು ಪೆನ್ನು ಬಿಡಲಿಲ್ಲ. “ನಮ್ಮ ಮಗೀನ ಲಗ್ನ ಕಣ್ರೀ” ಎಂದರು.

ಆಗ ಬೀಗರು ಎದ್ದು ನಿಂತರು. ಹೊರಟರು, ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಪಂಚೆ ಎತ್ತಿ ಕಟ್ಟಿ, ನೇರವಾಗಿ ಬಂದು ಭಾವನವರ ಪಕ್ಕದಲ್ಲಿ ಕೂತು ಹಾಳೆ ನೋಡಿದರು. ಕೈಯನ್ನೂ ನೋಡಿದರು.

“ಇಂಕು ಚೆನ್ನಾಗೇ ಅದೆ ಕಣ್ ಬೀಗ್ರೇ. ಆಳೆ ಅಲ್ಲಾಡ್ತಾ ಅದೆ, ಅಷ್ಟೇಯ. ನಾ ಇಡ್ಕತೀನಿ, ನೀವು ಬರೀರಿ.”

ಎರಡೂ ಅಂಗೈಯಿಂದ ಹಾಳೆಯನ್ನು ಮಣೆಗೆ ಒತ್ತಿ ಹಿಡಿದರು. ಫ್ಯಾನಿಲ್ಲದ, ಗಾಳಿಯಿಲ್ಲದ ಆ ನಡುಮನೆಯಲ್ಲಿ ಹಾಳೆ ಅಲ್ಲಾಡುತ್ತಿಲ್ಲವೆಂದು ಯಾರೂ ಅನ್ನಲಿಲ್ಲ. ಭಾವನವರು ಒಮ್ಮೆ ಅವರ ಮುಖ ನೋಡಿ, ಬಗ್ಗಿ ಬರೆಯತೊಡಗಿದರು. ಅಕ್ಷರ ಸೊಟ್ಟಗೇ ಬಂತು. ಬಂದಂತೆಲ್ಲ ಬೀಗರು “ಹ್ಞೂಂ, ಮುಂದಕ್ಕೆ” ಎನ್ನುತ್ತಿದ್ದರು.

“ರಾಹುಕಾಲ…” ಎಂದು ಐನೋರು ರಾಗ ಎಳೆದರು.

“ಬರೀತಾವ್ರೆ, ಕಾಣಾಕಿಲ್ವಾ ಸ್ವಾಮಿ? ಸುಮ್ಕಿರಿ!” ಎಂದು ಬೀಗರು ಗದರಿದರು.

ನಾನು ಅಡುಗೆಮನೆಗೆ ಓಡಿಹೋಗಿ ಮನಸಾರೆ ಅತ್ತೆ. ಮಗಳನ್ನು ಎಂಥ ಮನೆಗೆ ಕೊಡುತ್ತಿದ್ದೇವೋ ಎಂಬ ನನ್ನ ಹೆದರಿಕೆ ಆ ಅಳುವಿನ ಜೊತೆಗೇ ಹೋಯಿತು. ಮುಖ ತೊಳೆದುಕೊಂಡು ಬಂದು ನೋಡಿದರೆ ರಾಹುಕಾಲ ಆಗಲೇ ಶುರುವಾಗಿತ್ತು. ಬೀಗರು ಇನ್ನೂ ಹಾಳೆಯನ್ನು ಹಿಡಿದೇ ಕೂತಿದ್ದರು.